ಉಳ್ಳಾಗಡ್ಡಿ ಧೂಳು

"ಗ್ಯಾರೇಜಿನ್ಯಾಗ ಹಳೇ ಗಾಡಿಗೆ ಹೊಸಾ ಬಣ್ಣ, ಮನ್ಯಾಗ ಹೊಸಾ ಆಟಿಕಿಗೆ ಹಳೇ ಹೊಲಸು! ನೋಡ್ರಿ, ಸಾಲಿ ಬಿಟ್ಟಾಂವನ ಉದ್ಯೋಗ!"

ದಸರೆಯ ಖಂಡೆ ಪೂಜೆಗೆ ಬಂದಿದ್ದ ಬಿಲ್ಡಿಂಗಿನ ಮಂದಿಯೆಲ್ಲ ನಕ್ಕರು. ಅಂದವನು ನನ್ನ ಸೋದರಮಾವ ವಿರುಪಾಕ್ಷಪ್ಪ. ಉಲ್ಹಾಸನಗರದಲ್ಲಿ ಬಟ್ಟೆ ಅಂಗಡಿ. ಕೆಳಗೆ ಗೇಟಿನ ಹತ್ತಿರ ಚೆಂಡುಹೂವಿನ ಹಾರ ಹಾಕಿಸಿಕೊಂಡು ನಿಂತ ಬಿಳಿ ಕಾರು. ಅವನ ಮಗಳು ವೈಶಾಲಿ "ಪಪ್ಪಾ, ಬಸ್ ಕರಾ ನಾ" ಎಂದು ಮರಾಠಿಯಲ್ಲಿ ತಡೆದಳು. ಅವನು ಬಿಡಲಿಲ್ಲ.

"ನನ್ನ ಅಂಗಡ್ಯಾಗ ಬಂದು ಕೂಡು ಅಂದೆ, ಒಲ್ಲೆ ಅಂದ. ಯಾಕೋ ಸಂಗಮೇಶ, ಬಾಯಾಗ ಏನ ಇಟಗೊಂಡಿ?"

ಬೆಂಕಿ ಇಟ್ಟುಕೊಂಡಿದ್ದೆ. ಉತ್ತರವೂ ನಾಲಿಗೆಯ ಮೇಲೇ ಇತ್ತು. ಆದರೆ ನನ್ನ ಕಣ್ಣು ಅವ್ವನ ಕೈಯನ್ನು ಬಿಟ್ಟು ಅಲ್ಲಾಡಲಿಲ್ಲ. ಬಚ್ಚಲಿನಿಂದ ಆಗಷ್ಟೇ ಬಂದಿದ್ದಳು. ಅಂಗೈಯಲ್ಲಿ ನನ್ನ ಲಾರಿ, ತೊಟತೊಟ ನೀರು.

"ಎಷ್ಟ ಹೊಲಸ ಮಾಡಿ ಇಟ್ಟಿದ್ದ್ಯೋ! ತಿಕ್ಕಿ ತೊಳದೆ" ಎಂದು, ಕತ್ತರಿ, ಹೊಲಿಗೆ ಮಶೀನು, ನನ್ನ ಸ್ಪ್ರೇ ಗನ್ನಿನ ಪಕ್ಕದಲ್ಲಿ ಅದನ್ನಿಟ್ಟು ಅರಿಶಿನ ಕುಂಕುಮ ಹಚ್ಚಿದಳು. ಖಂಡೆ ಪೂಜೆಯ ದಿನ ಗಾಡಿ ತೊಳೆಯಬೇಕು. ಅವಳಿಗೆ ಅಷ್ಟೇ ಗೊತ್ತು.

ಅದು ಪ್ಲಾಸ್ಟಿಕ್ ಕಿಟ್ಟು. ಬಿಡಿಬಿಡಿಯಾಗಿ ಬಂದದ್ದನ್ನು ಅಂಟಿಸಿ, ಅಪ್ಪನ ಲಾರಿಯ ಕಿತ್ತಳೆ ಬಣ್ಣ ಹೊಡೆದಿದ್ದೆ. ಸ್ಪಂಜಿನ ಚೂರಿನಿಂದ ಬಂಪರಿನ ಮೇಲೆ ಅಲ್ಲಲ್ಲಿ ತುಕ್ಕು ಒತ್ತಿದ್ದೆ. ತೆಳು ಮಾಡಿದ ಕಂದು ಬಣ್ಣವನ್ನು ಸಂದಿಗಳಿಗೆ ಇಳಿಸಿದ್ದೆ. ಕಡೆಗೆ ಧೂಳು. ಅಪ್ಪ ವಿಜಯಪುರದ ಕಡೆಯಿಂದ ವಾಶಿ ಮಾರ್ಕೆಟ್ಟಿಗೆ ಉಳ್ಳಾಗಡ್ಡಿ ತರುತ್ತಿದ್ದ. ಅದೇ ಮಾರ್ಕೆಟ್ಟಿಗೆ ಹೋಗಿ, ಖಾಲಿ ಚೀಲ ಜಾಡಿಸಿ, ಉದುರಿದ ಕರಿಮಣ್ಣನ್ನು ಬಟ್ಟೆಯಲ್ಲಿ ಸೋಸಿ ತಂದಿದ್ದೆ.

ಬ್ರಶ್ಶಿನ ತುದಿಯಿಂದ ಆ ಮಣ್ಣನ್ನು ಟೈರಿಗೆ ಮುಟ್ಟಿಸಿದರೆ ಸಾಕು, ಮೇಜು ಉದ್ದವಾಗುತ್ತ ಹೋಗುತ್ತಿತ್ತು. ಫ್ಯಾನಿನ ಗಾಳಿ ಘಾಟಿನ ಗಾಳಿಯಾಗುತ್ತಿತ್ತು. ದಿವಾ ಕಡೆ ಹೋಗುವ ಲೋಕಲ್ ರೈಲಿನ ಸದ್ದು ಎಲ್ಲೋ ಕೆಳಗೆ ಹೊಳೆಯಂತೆ ಹರಿಯುತ್ತಿತ್ತು. ನಾನು ಸಣ್ಣಗಾಗಿ ಕ್ಯಾಬಿನ್ನಿನಲ್ಲಿ ಕೂತಿರುತ್ತಿದ್ದೆ. ಪಕ್ಕದಲ್ಲಿ ಅಪ್ಪ, ಕಿಟಕಿಯಾಚೆ ಅವನ ಮೊಣಕೈ, ಮುಂದೆ ಎಂದೂ ಮುಗಿಯದ ರೋಡು.

ನಿಜವಾದ ಅಪ್ಪ ಮಾತ್ರ ನನಗೆ ಬೆನ್ನು ಹಾಕಿ ಕಿಟಕಿಯ ಮುಂದೆ ಕೂತಿರುತ್ತಿದ್ದ. ಲಾರಿ ಗುಜರಿಗೆ ಹೋದ ದಿನದಿಂದ ಹಾಗೇ. ಒಮ್ಮೆ ತೋರಿಸಿದ್ದೆ. "ಚೆಂದ ಐತಿ" ಎಂದ, ಮಂದಿಯ ಮಗುವನ್ನು ನೋಡಿ ಅಂದಂತೆ. 'ಇದು ನನ್ನ ಗಾಡಿ' ಅನ್ನಬೇಕಿತ್ತು ಅವನು. ಅದೊಂದು ಮಾತಿಗಾಗಿ ಇನ್ನಷ್ಟು ಧೂಳು ಹಚ್ಚಿದೆ. ಮೇಲೆ ವಾರ್ನಿಶ್ ಹೊಡೆದರೆ ಧೂಳು ನಿಲ್ಲುತ್ತದೆ, ಆದರೆ ಸತ್ತು ನಿಲ್ಲುತ್ತದೆ. ಅದಕ್ಕೇ ಹೊಡೆದಿರಲಿಲ್ಲ.

ಈಗ ಎಲ್ಲ ಬಚ್ಚಲಿಗೆ ಹೋಗಿತ್ತು.

"ಯಾಕವ್ವಾ ಮುಟ್ಟಿದಿ?" ಎಂದು ಚೀರಬೇಕು, ಆಮೇಲೆ ಮಾವನ ಕಡೆ ತಿರುಗಬೇಕು ಅಂತಿದ್ದೆ. ಅಷ್ಟರಲ್ಲಿ ಕುರ್ಚಿ ಸರಿದ ಸದ್ದಾಯಿತು. ಅಪ್ಪ ಎದ್ದಿದ್ದ.

ಬಂದು ಲಾರಿಯನ್ನು ಎತ್ತಿಕೊಂಡ. ಬೆಳಕಿಗೆ ಹಿಡಿದ. ಹೊರಳಿಸಿದ. ನನ್ನ ಬ್ರಶ್ಶು ಎಲ್ಲ ಕಡೆ ಹದವಾಗಿ ಧೂಳು ಕೂರಿಸಿತ್ತು. ಅವ್ವನ ಹೆಬ್ಬೆರಳು ಹಾಗಲ್ಲ. ಬಾಗಿಲು ಫಳಫಳ, ಬಾನೆಟ್ಟು ಫಳಫಳ, ಮಡ್‌ಗಾರ್ಡಿನ ಹಿಂದಿನ ಮೂಲೆಯಲ್ಲಿ ಮಾತ್ರ ಮಣ್ಣು ಒದ್ದೆಯಾಗಿ ಹಾಗೇ ಕೂತಿತ್ತು.

ಅಪ್ಪ ಆ ಮೂಲೆಗೆ ಉಗುರು ತಾಗಿಸಿದ.

"ಕಾಶೀ, ಈ ಮೂಲಿ ನೀ ಇವತ್ತೂ ಬಿಟ್ಟಿ ನೋಡು. ನನ್ನ ಗಾಡಿ ತೊಳದಾಗೆಲ್ಲಾ ಇಲ್ಲೇ ಬಿಡತಿದ್ದಿ."

"ಅಲ್ಲಿ ಕೈ ಹೋಗಬೇಕಲ್ಲರೀ" ಎಂದಳು ಅವ್ವ. ಅಂದವಳೇ ಸೆರಗು ಬಾಯಿಗೆ ಒತ್ತಿಕೊಂಡಳು.

ಯಾರೂ ನಗಲಿಲ್ಲ. ಅಪ್ಪ ಹೆಚ್ಚಿಟ್ಟಿದ್ದ ಲಿಂಬೆಹಣ್ಣಿನಿಂದ ಎರಡು ಬೀಜ ತೆಗೆದು ಮುಂದಿನ ಗಾಲಿಗಳ ಕೆಳಗಿಟ್ಟ. ದೊಡ್ಡ ಲಾರಿಗೆ ಇಡೀ ಹಣ್ಣು ಇಡುತ್ತಿದ್ದ. ಬೆರಳಿನಿಂದ ನೂಕಿದ. ಲಾರಿ ಬೀಜಗಳ ಮೇಲೆ ಹತ್ತಿ ಇಳಿದು, ಕುಂಕುಮದಲ್ಲಿ ಗೆರೆ ಎಳೆದು ಹೊರಟಿತು. ಅದರ ಎಂಜಿನ್ನು ನನಗೆ ಕೇಳಿಸಿತು, ಆಣೆ ಮಾಡಿ ಹೇಳುತ್ತೇನೆ.

"ಸಂಗ್ಯಾ," ಎಂದ ಅಪ್ಪ, "ಪೂಜಿ ಆತು. ಗಾಡಿ ಇನ್ನ ಹಾದಿ ಹಿಡೀಬೇಕು. ಆ ಧೂಳ ಉಳದೈತೇನು?"

ಧೂಳಿನ ಡಬ್ಬಿ ಖಾಲಿಯಾಗಿತ್ತು. ವಾಶಿಯಲ್ಲಿ ಇವತ್ತು ಲಾರಿಗಳನ್ನೆಲ್ಲ ತೊಳೆದಿರುತ್ತಾರೆ. ಚೀಲಗಳನ್ನು ಯಾರು ತೊಳೆಯುತ್ತಾರೆ? ಡಬ್ಬಿಯನ್ನು ಕಿಸೆಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದೆ.

"ಏ, ನಾ ಕೇಳಿದ್ದಕ್ಕ ಜವಾಬ ಕೊಡಲಾರದ ಎಲ್ಲಿಗೋ?" ಬಾಗಿಲ ತನಕ ಬಂತು ಮಾವನ ದನಿ. "ಮಂದಿ ಮುಂದ ಮಾತಾಡಲಿಕ್ಕೆ ಬರೂದಿಲ್ಲೇನು?"

ಮೆಟ್ಟಿಲು ಇಳಿಯುತ್ತಲೇ ಇದ್ದೆ. ಗೇಟಿನಲ್ಲಿ ಅವನ ಬಿಳಿ ಕಾರಿನ ಗಾಜಿನ ಮೇಲೆ ಆಗಲೇ ತೆಳ್ಳಗೆ ಧೂಳು ಕೂತಿತ್ತು. ಅದು ಬೇರೆ ಧೂಳು. ದಾಟಿಕೊಂಡು ಸ್ಟೇಶನ್ನಿನ ಕಡೆ ನಡೆದೆ.