ಏಳಂಗುಲದ ತಕರಾರು

ನಮ್ಮ ಅತ್ತಿಗೆ ಯಾರ ಮನೆಗೆ ಹೋದರೂ ಮೊದಲು ಅಲ್ಲಿನ ಬಾಗಿಲನ್ನು ವಿಚಾರಿಸಿಕೊಳ್ಳುತ್ತಾರೆ. ಮನೆಯವರ ಯೋಗಕ್ಷೇಮ ಆಮೇಲೆ. ಹೊಸಿಲ ಬಳಿ ಒಂದು ಕ್ಷಣ ನಿಂತು, ಚೌಕಟ್ಟನ್ನು ಮೇಲಿಂದ ಕೆಳಗೆ ನಿರುಕಿಸಿ, ಅನುಮಾನ ಬಂದರೆ ಕೋಟಿನ ಜೇಬಿನಿಂದ ಉಕ್ಕಿನ ಟೇಪನ್ನು ಸರ್ರನೆ ಎಳೆದು, ಅಳೆದೇ ಒಳಗೆ ಕಾಲಿಡುವುದು ಅವರ ಪದ್ಧತಿ. ಆ ಕೋಟು ಹುಟ್ಟಿನಲ್ಲಿ ಖಾಕಿಯೋ ಬೂದಿಯೋ ಈಗ ಹೇಳಬಲ್ಲವರಿಲ್ಲ. ಹೆಲಿಕಾಪ್ಟರಿನ ಹೊಟ್ಟೆಯಡಿ ಮಲಗಿ ಎದ್ದ ಅಷ್ಟೂ ವರ್ಷಗಳ ಎಣ್ಣೆ ಅದರ ಮೇಲೆ ಚರಿತ್ರೆ ಬರೆದಿದೆ. ನಡಿಗೆಯೂ ಅಳತೆಯದೇ, ಹೆಜ್ಜೆಗೆ ಎರಡೂವರೆ ಅಡಿ. ಕೆಲಸಗಾರರು ಬೆನ್ನ ಹಿಂದೆ 'ಟೇಪಕ್ಕ' ಎನ್ನುತ್ತಾರೆ. ಅದು ಅವರ ಕಿವಿಗೂ ಬಿದ್ದಿದೆ, ಬೇಸರವೇನಿಲ್ಲ.

ನಾನು ಹೊಸ ಮಂಚ ಕೊಂಡಾಗ "ಕೋಣೆ ಬಾಗಿಲ ಅಗಲ ಎಷ್ಟು?" ಎಂದು ಕೇಳಿದ್ದರು. "ಅಂದಾಜಿಗೆ ಹಿಡಿಸುತ್ತೆ ಅತ್ತಿಗೆ" ಎಂದೆ. ಮಂಚ ಮೂರು ದಿನ ಮೆಟ್ಟಿಲ ಮೇಲೆಯೇ ಬಿದ್ದಿತ್ತು; ಕೊನೆಗೆ ಬಡಗಿ ಬಂದು ಅದರ ಕಾಲು ಕತ್ತರಿಸಿ ಒಳಗೆ ತಂದ. ನಾನು ವಕೀಲ, ಮಾತಿಗೆ ಬಡವನಲ್ಲ. ಆದರೂ ಅವತ್ತು ಕೊನೆಯ ಮಾತು ಅತ್ತಿಗೆಯದೇ.

"ಅಂದಾಜು ಅಡುಗೆಗೆ ಸಾಕಪ್ಪಾ. ಆಳಿಗೆ ಅಳತೆ ಬೇಕು."

ಅಣ್ಣ ಪೈಲಟ್, ಅತ್ತಿಗೆ ಮೆಕ್ಯಾನಿಕ್. ಒಂದೇ ಒಂದು ಹೆಲಿಕಾಪ್ಟರಿನ ಅವರ ಸಂಸ್ಥೆ ಬೆಟ್ಟದ ಮೇಲಿನ ಊರುಗಳಿಂದ ರೋಗಿಗಳನ್ನು ಕೆಳಗಿನ ದೊಡ್ಡಾಸ್ಪತ್ರೆಗೆ ಇಳಿಸುತ್ತಿತ್ತು. ಸರ್ಕಾರದ ಆ ಗುತ್ತಿಗೆ ಹನ್ನೊಂದು ವರ್ಷ ಅವರದೇ. ಹನ್ನೆರಡನೆಯ ವರ್ಷ ಎಂಟು ಹೆಲಿಕಾಪ್ಟರುಗಳ ಕಂಪನಿಯೊಂದು ಟೆಂಡರ್ ಗೆದ್ದಿತು. "ಹೋಯ್ತು ಬಿಡು, ಆನೆ ಜೊತೆ ಸೆಣಸೋಕಾಗುತ್ತಾ" ಎಂದು ಅಣ್ಣ ಕೈಚೆಲ್ಲಿದ. ಅತ್ತಿಗೆ ಗೆದ್ದವರ ಅರ್ಜಿಯ ಪ್ರತಿ ತರಿಸಿ ಓದಿದರು. 'ರೋಗಿಯನ್ನು ಸ್ಟ್ರೆಚರಿನಲ್ಲಿ ಮಲಗಿಸಿ ಒಯ್ಯಬಹುದೇ?' ಎಂಬ ಪ್ರಶ್ನೆಯ ಮುಂದೆ 'ಹೌದು' ಎಂದಷ್ಟೇ ಇತ್ತು. ಆ 'ಹೌದು' ಅವರ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಂಡಿತು. ಮರುದಿನ ಇಂಧನ ತುಂಬಿಸಿಕೊಳ್ಳಲು ಬಂದಿದ್ದ ಆ ಕಂಪನಿಯ ಪೈಲಟ್ಟನನ್ನು ಕೇಳಿಕೊಂಡು, ಹೆಲಿಕಾಪ್ಟರಿನೊಳಗೆ ಬಗ್ಗಿ ಅಳೆದೂ ಬಂದರು. ಮಲಗಿಸುವ ಜಾಗ ಐದಡಿ ಎಂಟಂಗುಲ, ಸ್ಟ್ರೆಚರು ಆರಡಿ ಮೂರಂಗುಲ.

"ಏಳಂಗುಲ ಕಮ್ಮಿ. ತಕರಾರು ಹಾಕು" ಎಂದು ನೇರ ನನ್ನ ಕಚೇರಿಗೆ ಬಂದು ಕೂತರು.

"ಸೋತವರು ತಕರಾರು ಹಾಕಿದ್ರೆ ಜನ ಹೊಟ್ಟೆಕಿಚ್ಚು ಅಂತಾರೆ ಅತ್ತಿಗೆ."

"ಅನ್ನಲಿ. ಹೊಟ್ಟೆಕಿಚ್ಚು ಇದ್ದರೂ ಏಳಂಗುಲ ಏಳಂಗುಲವೇ ಅಲ್ವಾ? ಕೆಲಸ ನಮಗೆ ಬರದಿದ್ರೂ ಸರಿ, ರೋಗಿ ನೇರವಾಗಿ ಮಲಗಬೇಕು."

ನಿಜ ಹೇಳುತ್ತೇನೆ, ಆ ಕೊನೆಯ ಮಾತನ್ನು ನಾನು ನಂಬಲಿಲ್ಲ. ಹಾಗೆನ್ನುವ ಕಕ್ಷಿದಾರರನ್ನು ಬೇಕಾದಷ್ಟು ಕಂಡಿದ್ದೆ.

'ಕೋರಿದ ಮಾಹಿತಿಯನ್ನು ನೀಡಲಾಗಿರುತ್ತದೆ' ಎಂಬ ಒಂದೇ ಸಾಲಿನಲ್ಲಿ ಇಲಾಖೆ ನಮ್ಮ ತಕರಾರನ್ನು ತಳ್ಳಿಹಾಕಿತು. ಮೇಲ್ಮನವಿ ಹಾಕಿದೆವು. ಐದು ತಿಂಗಳು, ಪ್ರತಿ ಮಂಗಳವಾರ, ಅತ್ತಿಗೆ ಆ ಕಚೇರಿಯ ಓಣಿಯಂಥ ಪಡಸಾಲೆಯಲ್ಲಿ ಹೋಗಿ ಕೂತರು. ಕೂತಲ್ಲಿ ಸುಮ್ಮನಿರುವ ಜೀವವಲ್ಲ. ಕುಂಟುತ್ತಿದ್ದ ಬೆಂಚಿನ ಕಾಲಿಗೆ ಕಾಗದ ಮಡಿಸಿ ಕೊಟ್ಟರು, ಮುಚ್ಚಿಕೊಳ್ಳದ ಕಿಟಕಿಯ ಚಿಲಕ ರಿಪೇರಿ ಮಾಡಿದರು. ಮೊದಮೊದಲು ಅವರನ್ನು ಕಂಡು ಮುಖ ಸಿಂಡರಿಸುತ್ತಿದ್ದ ಗುಮಾಸ್ತರು ಆಮೇಲಾಮೇಲೆ ಒಂದು ಮಂಗಳವಾರ ತಡವಾದರೆ ದಾರಿ ನೋಡುವಂತಾದರು. ಕಡತವೂ ಬಹುಶಃ ನಾಚಿಕೆಯಿಂದಲೇ ಕದಲಿತು.

ವಿಚಾರಣೆಯ ದಿನ ನಾನು 'ನಿಷ್ಕಳಂಕ ಸೇವೆ' ಎಂಬ ಪದವನ್ನು ನಾಲ್ಕಾರು ಸಲವಾದರೂ ಬಳಸಿದೆ. ನಮ್ಮ ಬಲವಿದ್ದುದೇ ಅದರಲ್ಲಿ. ಎದುರು ಪಕ್ಷದ ವಕೀಲರು ಎದ್ದು ನಿಂತು ನಕ್ಕರು.

"ಏಳಂಗುಲ ಏನು ಮಹಾ ಸರ್? ಕಾಲು ಸ್ವಲ್ಪ ಮಡಿಸಿದ್ರಾಯ್ತು."

ಅತ್ತಿಗೆ ಎದ್ದರು. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದು ಗಿಳಿಗೆ ಹೇಳಿದಂತೆ ಹೇಳಿದ್ದೆ. ಕೋಟಿನ ಅಂಚು ಜಗ್ಗಿದೆ. ಅವರು ಅದನ್ನು ಬಿಡಿಸಿಕೊಂಡರು.

"ನಾನೂ ಒಂದ್ಸಲ ಹಾಗೇ ಅಂದ್ಕೊಂಡಿದ್ದೆ ಸರ್. ನಮ್ಮ ಮೊದಲನೇ ವರ್ಷ. ಇದೇ ಪ್ರಶ್ನೆಗೆ ಅಳತೆ ಮಾಡದೆ ನಾನೇ 'ಹೌದು' ಅಂತ ಬರೆದಿದ್ದೆ. ತೊಡೆ ಮೂಳೆ ಮುರಿದಿದ್ದ ಒಬ್ರು ಮೇಷ್ಟ್ರು ಬಂದ್ರು, ಎತ್ತರದ ಆಳು. ಬಾಗಿಲು ಮುಚ್ಚಲಿಲ್ಲ. ಈ ಕೈಯಲ್ಲೇ ಅವರ ಕಾಲು ಮಡಿಸಿದೆ. ಅವರು ಕೂಗಿದ್ದು ಇಂಜಿನ್ ಸದ್ದಿನಲ್ಲೂ ಕೇಳಿಸ್ತು. ಆ ಹೆಲಿಕಾಪ್ಟರ್ ಮಾರಿ ಉದ್ದದ್ದು ತಗೊಂಡ್ವಿ. ಮೇಷ್ಟ್ರು ಈಗಲೂ ಕುಂಟ್ತಾರೆ."

ನಾನು ಪುಟಗಟ್ಟಲೆ ಬೆಳಗಿಟ್ಟಿದ್ದ ಹೆಸರಿಗೆ ತಾವೇ ಮಸಿ ಬಳಿದುಕೊಂಡರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಅಣ್ಣ ತಲೆ ತಗ್ಗಿಸಿ ಕೂತಿದ್ದ. ಅಂದು ಹೆಲಿಕಾಪ್ಟರ್ ಹಾರಿಸಿದವನು ಅವನೇ. ಅತ್ತಿಗೆಯ ಆ ಟೇಪು ಎಲ್ಲಿಂದ ಬಂತೆಂದು ಇಷ್ಟು ವರ್ಷ ನಾನು ಕೇಳಿಯೇ ಇರಲಿಲ್ಲ.

ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಎದುರು ವಕೀಲರ ಕಡೆ ತಿರುಗಿದರು. "ನಿಮ್ಮ ಎತ್ತರ ಎಷ್ಟು?"

"ಅಂದಾಜು ಆರಡಿ ಸರ್."

ಅತ್ತಿಗೆಯ ಕೈ ತಾನಾಗಿ ಜೇಬಿಗೆ ಹೋಯಿತು. ಅಧಿಕಾರಿ ನಗು ತಡೆಯಲಾರದೆ ಕಡತದಲ್ಲಿ ಮುಖ ಮುಚ್ಚಿಕೊಂಡರು.

ಗುತ್ತಿಗೆ ರದ್ದಾಯಿತು. ಹೊಸ ಟೆಂಡರಿನ ನಮೂನೆಯಲ್ಲಿ ಮಲಗಿಸುವ ಜಾಗವನ್ನು ಅಡಿ, ಅಂಗುಲಗಳಲ್ಲೇ ಬರೆಯಬೇಕೆಂದಿತ್ತು. ಜೊತೆಗೆ ಇನ್ನೊಂದು ಪ್ರಶ್ನೆಯೂ ಸೇರಿತ್ತು: 'ತಮ್ಮ ಸೇವೆಯಿಂದ ರೋಗಿಗೆ ಎಂದಾದರೂ ಹಾನಿಯಾಗಿದೆಯೇ?' ಅತ್ತಿಗೆ 'ಹೌದು' ಎಂದು ಬರೆದು, ಕೆಳಗೆ ದಿನಾಂಕವನ್ನೂ ಕೊರತೆ ಬಿದ್ದ ಅಂಗುಲಗಳನ್ನೂ ನಮೂದಿಸಿದರು. ಆ ಉತ್ತರಕ್ಕೆ ಅಂಕ ಕಡಿತವಾಗಿ, ಎರಡು ಅಂಕಗಳ ಅಂತರದಿಂದ ಕೆಲಸ ಮೂರನೆಯ ಕಂಪನಿಯೊಂದಕ್ಕೆ ಹೋಯಿತು.

"ಮತ್ತೆ ತಕರಾರು ಹಾಕೋಣ" ಎಂದು ನಾನು ಹಾರಾಡಿದೆ.

"ತಾಳಪ್ಪಾ, ನೋಡ್ಕೊಂಡು ಬರ್ತೀನಿ" ಎಂದು ಹೋದವರು ಸಂಜೆಯ ಹೊತ್ತಿಗೆ ಬಂದು ಕೋಟು ಕಳಚಿ ಕೂತರು. "ಆರಡಿ ಐದಂಗುಲ. ಬೇಕಾದ್ದಕ್ಕಿಂತ ಎರಡಂಗುಲ ಜಾಸ್ತೀನೇ ಇದೆ. ಇನ್ನು ಯಾಕೆ ತಕರಾರು?" ಮುಖದಲ್ಲಿ ದುಃಖವಿತ್ತು, ಸುಳ್ಳು ಹೇಳಲಾರೆ, ಆದರೆ ಗಂಟಲ ಮುಳ್ಳು ಇಳಿದಿತ್ತು. ನಾನು ನಂಬದೆ ಬಿಟ್ಟಿದ್ದ ಮಾತು ನೆನಪಾಗಿ ನನಗೆ ಮುಖ ಎತ್ತಲಾಗಲಿಲ್ಲ. ಈಗ ಅವರ ಶೆಡ್ಡು ಖಾಲಿ. ಅಣ್ಣ ಬೇರೆಯವರ ಹೆಲಿಕಾಪ್ಟರ್ ಹಾರಿಸುತ್ತಾನೆ, ಅತ್ತಿಗೆ ಬೇರೆಯವರ ಯಂತ್ರದಡಿ ಅದೇ ಕೋಟಿನಲ್ಲಿ ಮಲಗುತ್ತಾರೆ.

ಪರರ ತಪ್ಪನ್ನು ಅಳೆಯುವವರಿಗೆ ಲೋಕದಲ್ಲಿ ಬರವಿಲ್ಲ. ಅದೇ ಟೇಪನ್ನು ಮೊದಲು ತಮ್ಮತ್ತ ಹಿಡಿಯುವವರು ವಿರಳ. ಅಂಥವರ ನಂಟಸ್ತನ ಸುಖದ್ದಲ್ಲ, ಅವರ ಕಣ್ಣೆದುರು ಒಂದು ಮಂಚ ಕೊಳ್ಳುವುದೂ ಕಷ್ಟವೇ. ಆದರೆ ಬೆಟ್ಟದ ಮೇಲೆ ಮೂಳೆ ಮುರಿದುಕೊಂಡ ಯಾವುದೋ ಎತ್ತರದ ಜೀವ ಇಂದು ಕಾಲು ಚಾಚಿ ಮಲಗಿಕೊಂಡೇ ಕೆಳಗಿಳಿಯುತ್ತದೆ. ಆ ಏಳಂಗುಲವನ್ನು ಯಾರು ಗಳಿಸಿಕೊಟ್ಟರೆಂದು ಅದು ಕೇಳುವುದಿಲ್ಲ; ಅಂಥವರೂ ಹೇಳಹೋಗುವುದಿಲ್ಲ.