ಮಾವನ ಬೆಳಗಿನ ತಿಂಡಿ

"ಬಂತು, ಬಂತು, ಇನ್ನೊಂದ್ಸಲ ಬಂತು..." ಎನ್ನುತ್ತಲೇ ಕಾರ್ಖಾನೆ ಕ್ಯಾಂಟೀನಿನ ಹಿರಿಯ ಅಡುಗೆಯವನು ಬೇಸಿನ್ನಿಗೆ ಬಾಗಿದ. ಆಂಬುಲೆನ್ಸಿನ ನರ್ಸ್ ಅವನನ್ನು ಒಂದು ಮಗ್ಗುಲಿಗೆ ವಾಲಿಸಿ ಬೆನ್ನಿಗೆ ಕೈ ಕೊಟ್ಟಳು. ವಾಂತಿ, ಭೇದಿ ಎರಡೂ ಸೇರಿಕೊಂಡಿದ್ದವು. ಕಕ್ಕಸಿಗೂ ಉಗ್ರಾಣಕ್ಕೂ ಓಡಾಡಿ ಸುಸ್ತಾಗಿ ಅಕ್ಕಿಮೂಟೆಗೆ ಒರಗಿಬಿಟ್ಟಿದ್ದ. ಕಾರ್ಖಾನೆಗೆಲ್ಲ ಅವನು ಮಾವ. ಆಳೂ ಜೋರು, ಬಾಯಿಯೂ ಜೋರು.

ಬಾಗಿಲಲ್ಲಿ ಮೇಲ್ವಿಚಾರಕ ಕೂಗಾಡುತ್ತಿದ್ದ. "ಈಯಮ್ಮನ ಕೈಗೆ ಸೌಟು ಕೊಟ್ಟಿದ್ದು ಇವತ್ತೇ ಮೊದಲು. ರುಚಿ ನೋಡಿದವನ ಗತಿ ನೋಡಿ! ಅಡುಗೆ ಎಲ್ಲಾ ಚರಂಡಿಗೆ ಸುರಿದುಬಿಡಿ. ನಾಳೆಯಿಂದ ಇವಳು ಬರೋದು ಬೇಡ."

ವರ್ಷಗಟ್ಟಲೆ ತರಕಾರಿ ಹೆಚ್ಚಿಕೊಂಡೇ ಇದ್ದ ಸಹಾಯಕಿ ಒಲೆಯ ಪಕ್ಕ ತಲೆ ತಗ್ಗಿಸಿ ನಿಂತಿದ್ದಳು. ಊಟದ ಸಾಲಿನವರು ಖಾಲಿ ತಟ್ಟೆ ಹಿಡಿದು, ಹಸಿವೋ ಭಯವೋ ತಿಳಿಯದೆ ಹೊಟ್ಟೆ ನೀವಿಕೊಳ್ಳುತ್ತಿದ್ದರು.

"ಏನು ತಿಂದ್ರಿ, ಮಾವ?" ನರ್ಸ್ ಕೇಳಿದಳು.

"ಇವಳು ಮಾಡಿದ್ದೇ... ಒಂಚೂರು, ರುಚಿಗೆ," ಎಂದು ಮಾವ ಗೋಡೆ ನೋಡಿದ.

ನರ್ಸ್ ಸ್ಪಿರಿಟ್ಟಿನ ಹತ್ತಿಯನ್ನು ಅವನ ಮೂಗಿನ ಹತ್ತಿರ ಹಿಡಿದಳು. "ನಿಧಾನಕ್ಕೆ ಉಸಿರು ಎಳ್ಕೊಳ್ಳಿ, ಹೊಟ್ಟೆ ತೊಳಸೋದು ಕಡಿಮೆ ಆಗುತ್ತೆ." ವಾಂತಿ ತುಸು ನಿಂತಾಗ ಉಪ್ಪು ಸಕ್ಕರೆಯ ನೀರನ್ನು ಚಮಚದಲ್ಲಿ ಕುಡಿಸಿದಳು, ಕೈಗೆ ಡ್ರಿಪ್ ಹಾಕಿದಳು. ರಕ್ತವೇನಾದರೂ ಇದೆಯೇ ಎಂದು ಬೇಸಿನ್ ನೋಡಿದರೆ ರಕ್ತ ಇರಲಿಲ್ಲ, ಸಿಗಡಿ ಇತ್ತು.

"ಮಾವ," ಎಂದು ಅವನ ಕಿವಿಗೆ ಬಾಗಿದಳು. "ಕ್ಯಾಂಟೀನಲ್ಲಿ ಇವತ್ತು ಸಿಗಡಿ ಮಾಡಿದ್ರಾ?"

ಮಾವ ಕಣ್ಣು ಮುಚ್ಚಿದ. "ಎದುರುಗಡೆ ಹೋಟೆಲ್ಲು. ಇಷ್ಟು ವರ್ಷ ನನ್ನಡುಗೆ ನಾನೇ ತಿಂದು ಬೇಜಾರು ಬಂದಿತ್ತು ಕಣಮ್ಮ. ಇವತ್ತು ಇವಳು ಒಲೆ ಮುಂದೆ ನಿಂತಿದ್ರಿಂದ ಬಿಡುವಿತ್ತು, ಬೆಳಗಿನ ತಿಂಡಿಗೆ ಹೋದೆ. ಆ ಹೋಟೆಲ್ನವನಿಗೆ ಅಡುಗೆನೇ ಬರಲ್ಲ ಅಂತ ಊರೆಲ್ಲಾ ಸಾರಿದವನು ನಾನು. ಯಾರಿಗೂ ಹೇಳ್ಬೇಡ, ಮಾನ ಹೋಗುತ್ತೆ."

"ಡಾಕ್ಟರಿಗೆ ಬಿಟ್ಟು ನಾನು ಯಾರಿಗೂ ಹೇಳಲ್ಲ. ಆದ್ರೆ ಆ ಅಕ್ಕನ ಕೆಲಸ ಹೋಗುತ್ತಲ್ಲ, ಮಾವ."

ಸ್ಟ್ರೆಚರ್ ಊಟದ ಸಾಲನ್ನು ದಾಟುವಾಗ ಮಾವ "ನಿಲ್ಸಿ" ಎಂದ. ಡ್ರಿಪ್ ಇಲ್ಲದ ಕೈ ಎತ್ತಿದ. "ಏಯ್, ಕೇಳ್ರೋ! ನಾನು ತಿಂದಿದ್ದು ಎದುರು ಹೋಟೆಲಿನ ಸಿಗಡಿ. ಎರಡು ಪ್ಲೇಟು! ಇವಳ ಅಡುಗೆ ನಾನು ಮುಟ್ಟೇ ಇಲ್ಲ."

ಕ್ಯಾಂಟೀನಿಗೆ ಕ್ಯಾಂಟೀನೇ ಬಿದ್ದು ಬಿದ್ದು ನಕ್ಕಿತು. ನಾಚಿಕೆಯಿಂದ ಮಾವನ ಕಿವಿ ಕೆಂಪಾದರೂ ಎದೆ ಹಗುರಾಗಿತ್ತು.

"ಒಂದು ಚಮಚ ತಾ, ಈಗ್ಲಾದ್ರೂ ರುಚಿ ನೋಡ್ತೀನಿ," ಎಂದ ಸಹಾಯಕಿಗೆ.

"ಸುಮ್ನೆ ಮಲಗಿ, ಮಾವ," ಎಂದು ನರ್ಸ್ ಗದರಿದಳು.

ಆಂಬುಲೆನ್ಸಿನ ಬಾಗಿಲು ಹಾಕುವ ಮುನ್ನ ಮಾವ ಕತ್ತು ಹೊರಳಿಸಿ ನೋಡಿದ. ಸಹಾಯಕಿ ಕಣ್ಣೊರೆಸಿಕೊಂಡು ದೊಡ್ಡ ಪಾತ್ರೆಯ ಮುಚ್ಚಳ ತೆಗೆದಳು. ಹಬೆಯೊಳಗೆ ಮೊದಲು ಚಾಚಿಕೊಂಡು ಬಂದ ತಟ್ಟೆ ಮೇಲ್ವಿಚಾರಕನದು.