ಕೆಳಮನೆಯ ಲೇಖನ

"ಹೆಸರು ಕತ್ತರಿಸಿ ಕಳಿಸಿದ್ದಾರೆ ನೋಡು," ಎಂದು ಅಣ್ಣ ಲೇಖನವನ್ನು ಮೂಗಿನ ಹತ್ತಿರ ಹಿಡಿದು ನಕ್ಕರು. "ಬೇಸಿಗೆಯೆಲ್ಲಾ ಕೆಳಗಡೆ ಕೂತು ಇದನ್ನೇ ಗಟ್ಟಿಯಾಗಿ ಓದ್ಕೊಳ್ತಿದ್ದ. ನನಗೆ ಬಾಯಿಪಾಠ ಆಗಿದೆ."

ಕಮ್ಯುನಿಸ್ಟ್ ಚಳವಳಿಯ ಇತಿಹಾಸಕ್ಕೇ ಮೀಸಲಾದ ಆ ವಿದ್ವತ್ ಪತ್ರಿಕೆಯಲ್ಲಿ ನಿಯಮವೆಂದರೆ ನಿಯಮ. ಬರೆದವರು ಯಾರೆಂದು ಪರಿಶೀಲಿಸುವವರಿಗೆ ತಿಳಿಯಬಾರದು. ಪರಿಶೀಲಿಸಿದವರು ಯಾರೆಂದು ಬರೆದವರಿಗೂ ತಿಳಿಯಬಾರದು. ಆದರೆ ಆ ಗಿರಣಿ ಮುಷ್ಕರದ ಒಳಹೊರಗು ಬಲ್ಲವರು ಉಳಿದಿರುವುದೇ ಇಬ್ಬರು. ಒಬ್ಬರು ಮಹಡಿಯಲ್ಲಿ, ಇನ್ನೊಬ್ಬರು ಕೆಳಗೆ. ಪಕ್ಷ ಒಡೆದ ವರ್ಷವೇ ಮಾತು ಬಿಟ್ಟ ಅಣ್ಣತಮ್ಮಂದಿರು. ಸಂಪಾದಕರು ಪಾಪ, ಏನು ಮಾಡಿಯಾರು! ತಮ್ಮ ಬರೆದದ್ದನ್ನು ಪರಿಶೀಲನೆಗೆ ಅಣ್ಣನಿಗೇ ಕಳಿಸಿದ್ದರು.

"ಎಲ್ಲಿ, ಆ ಜಾಗ ಓದಿ," ಎಂದರು ಅಣ್ಣನ ಹೆಂಡತಿ. ಮೇಲೂ ಕೆಳಗೂ ಮಾತಾಡುವವರು ಆ ಮನೆಯಲ್ಲಿ ಅವರೊಬ್ಬರೇ.

'ಗೆಲ್ಲುವ ಹಂತದಲ್ಲಿದ್ದ ಮುಷ್ಕರವನ್ನು ಮುಖಂಡರು ಯಾರನ್ನೂ ಕೇಳದೆ ಹಿಂತೆಗೆದುಕೊಂಡರು. ಕಾರಣ ಇಂದಿಗೂ ತಿಳಿದಿಲ್ಲ.'

ಆ ಮುಖಂಡರು ಬೇರೆ ಯಾರೂ ಅಲ್ಲ, ಅಣ್ಣನೇ.

"ದ್ರೋಹಿ ಅಂತ ಬರೆದಿಲ್ವಲ್ಲ. ವಯಸ್ಸಾಯ್ತು ಅವನಿಗೂ."

"ಇನ್ನಾದ್ರೂ ಹೇಳ್ಬಿಡಿ. ಪೊಲೀಸರಿಗೆ ಗುಂಡು ಹಾರಿಸೋ ಅಪ್ಪಣೆ ಬಂದಿತ್ತು, ಗೇಟಿನ ಹತ್ತಿರ ಮೊದಲನೇ ಸಾಲಲ್ಲಿ ಅವನೇ ನಿಂತಿದ್ದ ಅಂತ."

"ಹೇಳಿದ್ರೆ? ಅಷ್ಟು ಜನರ ಅನ್ನಾನ ತಮ್ಮನಿಗೋಸ್ಕರ ಮಾರಿದೆ ಅಂತಾಗುತ್ತೆ. ಅದು ಸುಳ್ಳೂ ಅಲ್ಲ." ಅಣ್ಣ ಲೇಖನವನ್ನು ಕೆಳಗಿಟ್ಟರು. "ಅಲ್ಲಿ ಬೇರೆ ಯಾರ ತಮ್ಮ ನಿಂತಿದ್ರೂ ನಾನು ಹಿಂದೆ ಸರೀತಿರ್ಲಿಲ್ಲ ಕಣೇ."

"ಚೆನ್ನಾಯ್ತು! ಇತಿಹಾಸ ಇತಿಹಾಸ ಅಂತ ಇಬ್ಬರೂ ಬಡ್ಕೊಳ್ತೀರಿ. ಇದ್ದದ್ದು ಇದ್ದ ಹಾಗೆ ಹೇಳೋಕೆ ಮಾತ್ರ ಬಾಯಿಲ್ಲ," ಎಂದು ಆಕೆ ರೇಗಿ ಎದ್ದುಹೋದರು.

ಅಣ್ಣ ಬರೆದು, ಹರಿದು, ಮತ್ತೆ ಬರೆದರು. ಕೊನೆಗೆ ಉಳಿದದ್ದು ಇಷ್ಟೇ: 'ಲೇಖನ ಪ್ರಕಟಣೆಗೆ ಯೋಗ್ಯ. ಆದರೆ ಕಾರಣ ತಿಳಿದಿಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪ ಇಡುವ ಬದಲು ಲೇಖಕರು ಆ ಮುಖಂಡರನ್ನೇ ಹೋಗಿ ಕೇಳಬಹುದಿತ್ತು. ಅವರಿನ್ನೂ ಬದುಕಿದ್ದಾರೆ.'

ಟಿಪ್ಪಣಿ ಮಹಡಿಯಿಂದ ಇಳಿದು, ಪತ್ರಿಕೆಯ ಕಚೇರಿಗೆ ಹೋಗಿ, ಅಲ್ಲಿ ಮುದ್ರೆ ಒತ್ತಿಸಿಕೊಂಡು, ತಿಂಗಳ ನಂತರ ಅದೇ ಮನೆಯ ಕೆಳಗಿನ ಬಾಗಿಲಿಗೆ ಬಂದು ಬಿತ್ತು.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಊರುಗೋಲಿನ ಸದ್ದಾಯಿತು. ಬಾಗಿಲಲ್ಲಿ ತಮ್ಮ ಏದುಸಿರು ಬಿಡುತ್ತಾ ನಿಂತಿದ್ದರು, ಕಂಕುಳಲ್ಲಿ ಬಿಳಿ ಹಾಳೆಗಳು.

"ಒಂದು ಲೇಖನದ ವಿಷಯ. ಮುಷ್ಕರದ ಮುಖಂಡರನ್ನ ಕೇಳ್ಕೊಂಡು ಬಾ ಅಂತ ಯಾರೋ ಬರೆದಿದ್ದಾರೆ."

"ಯಾರಂತೆ?"

"ಹೆಸರು ಹೇಳಲ್ವಂತೆ, ನಿಯಮ. ಬೈಯೋ ಧಾಟಿ ಮಾತ್ರ ಚಿಕ್ಕಂದಿನಿಂದ ಕೇಳಿದ್ದೇ."

ಅಣ್ಣ ಕುರ್ಚಿಯ ಮೇಲಿದ್ದ ಹಳೆಯ ಸಂಚಿಕೆಗಳನ್ನು ಎತ್ತಿ ನೆಲಕ್ಕಿಟ್ಟರು. "ಕೂತ್ಕೋ."

ಎಲ್ಲವನ್ನೂ ಹೇಳಿದರು. ಬೇರೆಯವರ ತಮ್ಮನ ಮಾತನ್ನೂ ಬಿಡಲಿಲ್ಲ. ಹೇಳಿ ಮುಗಿಸಿ, ಗೋಡೆಯ ಕಡೆ ನೋಡುತ್ತಾ, "ಬರ್ಕೋ. ನನ್ನ ಹೆಸರು ಹಾಕೇ ಬರ್ಕೋ," ಎಂದರು.

ತಮ್ಮ ಏನೂ ಬರೆದಿರಲಿಲ್ಲ. ಅತ್ತಿಗೆ ಎರಡು ಲೋಟ ಚಹಾ ತಂದಿಟ್ಟರು. ತಮ್ಮ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡು, ಒಂದು ಲೋಟವನ್ನು ಅಣ್ಣನ ಕೈಗೆಟಕುವಷ್ಟು ಹತ್ತಿರ ಸರಿಸಿದರು.